ಸರ್ಕಾರಿ ಹೈಸ್ಕೂಲಿನಲ್ಲಿ ರೋಬೋಟಿಕ್ಸ್ ಶುರು ಮಾಡುವುದು ಹೇಗೆ? ಮಲೆನಾಡಿನ ಶಾಲೆಗಳಿಗೊಂದು ಮಾರ್ಗದರ್ಶಿ

ಜೂನ್ ಬಂದರೆ ಸಾಕು, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಮೇಷ್ಟ್ರುಗಳಿಂದ ಒಂದೇ ಪ್ರಶ್ನೆ: "ನಮ್ಮ ಶಾಲೆಗೆ ಯಾವ ರೋಬೋಟಿಕ್ಸ್ ಕಿಟ್ ತಗೊಳ್ಳೋದು ಸಾರ್?" ಎಸ್‌ಡಿಎಂಸಿಯವರದ್ದು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬೇರೆ ಪ್ರಶ್ನೆ: "ಇದರಿಂದ ಮಕ್ಕಳಿಗೆ ಮುಂದೆ ಕೆಲಸ ಸಿಗುತ್ತಾ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಕಿಟ್ ಬೇಡ, ಬಿಡಿ ಭಾಗ ಕೊಳ್ಳಿ. ಎರಡನೆಯದು ಸ್ವಲ್ಪ ಉದ್ದ. ಆಟಿಕೆ ಕಾರು ಓಡಿಸಿದ್ದಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ಆದರೆ ತಮ್ಮದೇ ಊರಿನ ಒಂದು ತಾಪತ್ರಯಕ್ಕೆ ಯಂತ್ರ ಮಾಡಲು ಹೊರಟ ಮಕ್ಕಳು ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಮೋಟಾರ್ ರಿವೈಂಡಿಂಗ್ ಅಂಗಡಿ ಎಲ್ಲ ಸುತ್ತಬೇಕಾಗುತ್ತದೆ. ಯಾವ ಕೆಲಸ ತಮಗೆ ಒಗ್ಗುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಈ ಲೆಕ್ಕಾಚಾರದಲ್ಲೇ ಜೋಡಿಸಿದ್ದೇನೆ.

ಮೊದಲು ಏನೇನು ಬೇಕು

ಎಂಟು ಮತ್ತು ಒಂಬತ್ತನೇ ತರಗತಿಯ 20 ಮಕ್ಕಳು. ನಾಲ್ಕು ಜನರ ಐದು ಗುಂಪು. ಹತ್ತನೆಯವರನ್ನು ಸೇರಿಸಿಕೊಳ್ಳುವುದಾದರೆ ಡಿಸೆಂಬರ್‌ಗೆ ಬಿಟ್ಟುಕೊಡಬೇಕು ಎಂದು ಮೊದಲೇ ಒಪ್ಪಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಪೋಷಕರ ಜತೆ ಜಗಳ ಬೇಡ.

ವಾರಕ್ಕೆ ಒಂದೇ ಸಲ, ಒಂದೂವರೆ ಗಂಟೆ. ಶನಿವಾರ ಮಧ್ಯಾಹ್ನ ಅನುಕೂಲ, ಆದರೆ ಕೊನೆ ಬಸ್ಸಿನ ಹೊತ್ತು ನೋಡಿಕೊಳ್ಳಿ. ಒಳ ಹಳ್ಳಿಯಿಂದ ಬರುವ ಮಕ್ಕಳು ಬಿಟ್ಟುಹೋಗುವುದು ಆಸಕ್ತಿ ಕಡಿಮೆಯಾಗಿ ಅಲ್ಲ, ಬಸ್ಸು ತಪ್ಪುತ್ತದೆ ಅಂತ. ಜುಲೈ–ಆಗಸ್ಟ್‌ನಲ್ಲಿ ಮಳೆ ರಜೆ ಬಂದೇ ಬರುತ್ತದೆ. ಆ ಎರಡು ತಿಂಗಳಲ್ಲಿ ಅರ್ಧದಷ್ಟು ತರಗತಿ ನಡೆದರೆ ಸಾಕು ಅಂತ ಲೆಕ್ಕ ಹಾಕಿ.

ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ. ನೆಟ್‌ವರ್ಕ್ ನಂಬಿ ಕೂರಬೇಡಿ. ಆರ್ಡುಯಿನೋ ಐಡಿಇ (ಬೋರ್ಡಿಗೆ ಪ್ರೋಗ್ರಾಂ ಬರೆದು ಕಳಿಸುವ ಉಚಿತ ತಂತ್ರಾಂಶ) ಮತ್ತು ಎಂಬ್ಲಾಕ್ (ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವಂಥದ್ದು) ಎರಡನ್ನೂ ಪೇಟೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ.

ಹಂತ 1: ದುಡ್ಡಿನ ದಾರಿ

ದೊಡ್ಡ ದಾರಿ ಅಟಲ್ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಇದನ್ನು 2016ರಲ್ಲಿ ಶುರು ಮಾಡಿತು. ಆರರಿಂದ ಹನ್ನೆರಡನೇ ತರಗತಿಯವರಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ: ಲ್ಯಾಬ್ ಕಟ್ಟಲು 10 ಲಕ್ಷ, ಐದು ವರ್ಷ ನಡೆಸಲು 10 ಲಕ್ಷ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಅರ್ಜಿ ಹಾಕಿ. ಆದರೆ ಅದು ಬರಲಿ, ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ.

ಚಿಕ್ಕ ದಾರಿಗೆ 12ರಿಂದ 15 ಸಾವಿರ ರೂಪಾಯಿ ಸಾಕು. ಹಳೆ ವಿದ್ಯಾರ್ಥಿಗಳು, ಊರಿನ ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಇಷ್ಟರಲ್ಲೇ ಹೊಂದಿಸಬಹುದು.

ಇನ್ನೊಂದು ದಾರಿ ಇನ್‌ಸ್ಪೈರ್ ಮಾನಕ್. ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಯೋಜನೆ ಇದು. ಶಾಲೆಯಿಂದ ಐದು ಐಡಿಯಾ ಕಳಿಸಬಹುದು. ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಮುಖ್ಯ ಶಿಕ್ಷಕರು ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಕೊನೆ ದಿನದವರೆಗೆ ಕಾದು, ಐಡಿಯಾವನ್ನು ಮೇಷ್ಟ್ರೇ ಬರೆದು ಕಳಿಸುವ ಅಭ್ಯಾಸ ಹಲವು ಕಡೆ ಇದೆ. ಓದಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಹಂತ 2: ಬಿಡಿ ಭಾಗ ಕೊಳ್ಳುವುದು

ಒಂದು ಗುಂಪಿನ ರೋಬೋಗೆ ಬೇಕಾದದ್ದು ಇಷ್ಟು:

- ಆರ್ಡುಯಿನೋ ಊನೋ ಮಾದರಿಯ ಬೋರ್ಡ್ ಒಂದು. ಇದು ರೋಬೋದ ಮಿದುಳು.
- ಬಿಒ ಮೋಟಾರ್ ಎರಡು, ಚಕ್ರದ ಜತೆ. ಹಳದಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಗೇರ್ ಇರುವ ಪುಟ್ಟ ಮೋಟಾರ್.
- ಎಲ್298ಎನ್ ಮೋಟಾರ್ ಡ್ರೈವರ್ ಒಂದು. ಬೋರ್ಡಿನ ಬಡಕಲು ಕರೆಂಟಿನಿಂದ ಮೋಟಾರ್ ತಿರುಗುವುದಿಲ್ಲ. ಬೋರ್ಡ್ ಹೇಳಿದಂತೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬಿಡುವುದು ಈ ಡ್ರೈವರ್ ಕೆಲಸ.
- ಐಆರ್ ಸೆನ್ಸರ್ ಎರಡು. ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಅದು ವಾಪಸ್ ಬಂತಾ ಎಂದು ನೋಡುತ್ತವೆ.
- ಎಎ ಅಳತೆಯ ರೀಚಾರ್ಜ್ ಸೆಲ್ ಆರು, ಹೋಲ್ಡರ್, ಜಂಪರ್ ವೈರ್.

ಎಲ್ಲ ಸೇರಿ ಗುಂಪಿಗೆ ಸುಮಾರು 1,500ರಿಂದ 2,000 ರೂಪಾಯಿ. ಇದರ ಮೇಲೆ ಶಾಲೆಗೆ ಒಂದು ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸೆಲ್ ಚಾರ್ಜರ್, ಸ್ಕ್ರೂಡ್ರೈವರ್ ಸೆಟ್. ರೋಬೋದ ಚೌಕಟ್ಟಿಗೆ ದುಡ್ಡು ಹಾಕಬೇಡಿ. ಬಡಗಿ ಅಂಗಡಿಯ ಪ್ಲೈವುಡ್ ತುಂಡು ಸಾಕು. ಅಳೆದು, ಗರಗಸ ಹಿಡಿದು, ತೂತು ಕೊರೆಯುವುದೂ ಪಾಠವೇ.

ಇಲ್ಲಿ ಮೂರು ಎಚ್ಚರಿಕೆ.

ಒಂದು, ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಡ. ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಮೋಟಾರ್ ಕೇಳುವಷ್ಟು ಕರೆಂಟ್ ಕೊಡುವ ತಾಕತ್ತು ಅದಕ್ಕಿಲ್ಲ. ನಾಲ್ಕು ನಿಮಿಷ ಓಡಿ ಸುಸ್ತಾಗುತ್ತದೆ, ಮಕ್ಕಳು ಪ್ರೋಗ್ರಾಂ ತಪ್ಪು ಅಂತ ಮಧ್ಯಾಹ್ನವಿಡೀ ಹುಡುಕುತ್ತಾರೆ. ಆರು ರೀಚಾರ್ಜ್ ಸೆಲ್ ಸೇರಿದರೆ 7.2 ವೋಲ್ಟ್. ಡ್ರೈವರ್ ಅದರಲ್ಲಿ ಸುಮಾರು 2 ವೋಲ್ಟ್ ನುಂಗುತ್ತದೆ. ಉಳಿದ 5 ವೋಲ್ಟ್ ಬಿಒ ಮೋಟಾರಿಗೆ ಸರಿಯಾಗಿ ಹೊಂದುತ್ತದೆ.

ಎರಡು, 18650 ಲಿಥಿಯಂ ಸೆಲ್ ಅಗ್ಗ, ಜೋರು. ಆದರೆ ಶಾರ್ಟ್ ಆದರೆ ಬೆಂಕಿ. ಮೊದಲ ವರ್ಷ ಶಾಲೆಯೊಳಗೆ ತರಬೇಡಿ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಂತೂ ಬೇಡವೇ ಬೇಡ.

ಮೂರು, "ಎಲ್ಲ ಸೇರಿ ಒಂದೇ ಡಬ್ಬಿ" ಅನ್ನುವ ದುಬಾರಿ ಕಿಟ್. ಅದರ ಒಂದು ಕನೆಕ್ಟರ್ ಮುರಿದರೆ ಶಿವಮೊಗ್ಗದಲ್ಲೂ ಸಿಗುವುದಿಲ್ಲ, ಅದೇ ಕಂಪನಿಗೆ ಬರೆಯಬೇಕು. ಬಿಡಿ ಭಾಗವಾದರೆ ಐವತ್ತು ರೂಪಾಯಿಯ ಸೆನ್ಸರ್ ಸುಟ್ಟರೆ ಐವತ್ತು ರೂಪಾಯಿಯಷ್ಟೇ ನಷ್ಟ.

ಹಂತ 3: ಸ್ಟಾಕ್ ಪುಸ್ತಕ

ನಗಬೇಡಿ. ಶಾಲಾ ಲ್ಯಾಬ್‌ಗಳು ಸಾಯುವುದು ಇಲ್ಲೇ. ಎಲ್ಲವನ್ನೂ ಸ್ಥಿರ ವಸ್ತುವಾಗಿ ಬರೆದುಬಿಟ್ಟರೆ, ಒಂದು ಸೆನ್ಸರ್ ಸುಟ್ಟರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾಗುತ್ತದೆ. ಆ ಹೆದರಿಕೆಗೆ ಸಾಮಾನೆಲ್ಲ ಬೀರುವಿನೊಳಗೆ ಹೋಗಿ ಬೀಗ ಬೀಳುತ್ತದೆ. ಬೋರ್ಡ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಸ್ಥಿರ ವಸ್ತು. ಸೆನ್ಸರ್, ವೈರ್, ಎಲ್‌ಇಡಿ, ಸೆಲ್, ಪುಟ್ಟ ಮೋಟಾರ್ ಬಳಕೆಯಾಗಿ ಮುಗಿಯುವ ವಸ್ತು. ಕೊಂಡ ದಿನವೇ ಮುಖ್ಯ ಶಿಕ್ಷಕರ ಜತೆ ಕೂತು ಹೀಗೆ ಎರಡು ಪಟ್ಟಿ ಮಾಡಿ, ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ.

ಇನ್ನೊಂದು ಮಾತು ಮಲೆನಾಡಿಗೆ ಮಾತ್ರ. ಮಳೆಗಾಲದಲ್ಲಿ ತೇವ ಎಲ್ಲದರೊಳಗೂ ಹೋಗುತ್ತದೆ. ಪಿನ್‌ಗಳಿಗೆ ತುಕ್ಕು, ವೈರ್ ಸಡಿಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಪ್ಯೂಟರಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಂತ 4: ಮೊದಲ ತಿಂಗಳು ಎಲ್‌ಇಡಿ, ಸೆನ್ಸರ್, ಮೋಟಾರ್

ರೋಬೋ ಅಂದರೆ ಮೂರು ಕೆಲಸ: ನೋಡುವುದು, ನಿರ್ಧರಿಸುವುದು, ಮಾಡುವುದು. ಸೆನ್ಸರ್ ನೋಡುತ್ತದೆ, ಬೋರ್ಡ್ ನಿರ್ಧರಿಸುತ್ತದೆ, ಮೋಟಾರ್ ಮಾಡುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಕಲಿಸಿ. ಮೊದಲ ವಾರ ಎಲ್‌ಇಡಿ ಮಿಣುಕಿಸಲಿ. ಮುಂದಿನ ವಾರ ಸೆನ್ಸರ್ ಮುಂದೆ ಕೈ ಹಿಡಿದರೆ ಎಲ್‌ಇಡಿ ಹೊತ್ತಲಿ. ಆಮೇಲೆ ಮೋಟಾರ್.

ಬೋರ್ಡ್ ಕಂಪ್ಯೂಟರಿಗೆ ಕಾಣಿಸುತ್ತಿಲ್ಲ ಅನ್ನುವುದು ನನಗೆ ಅತಿ ಜಾಸ್ತಿ ಬರುವ ದೂರು. ಈ ಕ್ರಮದಲ್ಲಿ ನೋಡಿ:

1. ಕೇಬಲ್ ಬದಲಿಸಿ. ಬರೀ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಡೇಟಾ ತಂತಿ ಇರುವುದಿಲ್ಲ.
2. ಅಗ್ಗದ ಬೋರ್ಡ್‌ಗಳಲ್ಲಿ ಸಿಎಚ್340 ಎಂಬ ಚಿಪ್ ಇರುತ್ತದೆ. ವಿಂಡೋಸ್‌ನಲ್ಲಿ ಅದಕ್ಕೆ ಡ್ರೈವರ್ ತಂತ್ರಾಂಶ ಹಾಕಬೇಕಾಗಬಹುದು.
3. ಉಬುಂಟು ಕಂಪ್ಯೂಟರ್ ಆದರೆ, ಬಳಕೆದಾರರನ್ನು 'ಡಯಲ್‌ಔಟ್' ಗುಂಪಿಗೆ (ಬೋರ್ಡ್ ಬಳಸಲು ಅನುಮತಿ ಇರುವ ಬಳಕೆದಾರರ ಪಟ್ಟಿ) ಸೇರಿಸಿ. ಉಬುಂಟು 22.04ರಲ್ಲಿ ಬ್ರೈಲ್ ಓದುವ ಯಂತ್ರಕ್ಕಾಗಿ ಇರುವ 'ಬಿಆರ್‌ಎಲ್‌ಟಿಟಿವೈ' ಎಂಬ ತಂತ್ರಾಂಶ ಸಿಎಚ್340 ಬೋರ್ಡನ್ನು ತನ್ನದೆಂದು ಹಿಡಿದಿಟ್ಟುಕೊಳ್ಳುತ್ತದೆ. ಶಾಲೆಯಲ್ಲಿ ಬ್ರೈಲ್ ಯಂತ್ರ ಬಳಸುವವರು ಇಲ್ಲದಿದ್ದರೆ ತೆಗೆದುಹಾಕಿ.
4. ಪ್ರೋಗ್ರಾಂ ಕಳಿಸುವಾಗ ಮಾತ್ರ ತೊಂದರೆ ಆದರೆ, 0 ಮತ್ತು 1ನೇ ಪಿನ್‌ಗೆ ಏನಾದರೂ ಸಿಕ್ಕಿಸಿದ್ದೀರಾ ನೋಡಿ. ಕಂಪ್ಯೂಟರ್ ಜತೆ ಬೋರ್ಡ್ ಮಾತಾಡುವುದು ಅವೆರಡರಲ್ಲೇ.

ಮೋಟಾರ್ ಜೋಡಿಸಿದ ಮೇಲೆ ರೋಬೋ ಹುಚ್ಚುಹುಚ್ಚಾಗಿ ಆಡಿದರೆ ಗ್ರೌಂಡ್ ತಂತಿ ನೋಡಿ. ಬ್ಯಾಟರಿ, ಡ್ರೈವರ್, ಬೋರ್ಡ್ ಮೂರರ ಮೈನಸ್ ಒಂದಕ್ಕೊಂದು ಸೇರಿರಲೇಬೇಕು.

ಹಂತ 5: ಗೆರೆ ಹಿಡಿದು ಓಡುವ ಕಾರು

ಬಿಳಿ ನೆಲದ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ. ಎರಡು ಸೆನ್ಸರ್ ಗೆರೆಯ ಆಚೆ ಈಚೆ ಇರಲಿ. ಎರಡೂ ಬಿಳಿ ಕಂಡರೆ ನೇರ. ಎಡಗಡೆಯದು ಕಪ್ಪು ಕಂಡರೆ ಎಡಕ್ಕೆ, ಬಲಗಡೆಯದು ಕಂಡರೆ ಬಲಕ್ಕೆ. ಸಾಮಾನ್ಯ ಐಆರ್ ಮಾಡ್ಯೂಲ್ ಬಿಳಿಗೆ ಸೊನ್ನೆ, ಕಪ್ಪಿಗೆ ಒಂದು ಕೊಡುತ್ತದೆ. ಮಕ್ಕಳು ಇದನ್ನು ಉಲ್ಟಾ ಅಂದುಕೊಂಡಿರುತ್ತಾರೆ. ಕಿಟಕಿಯ ಬಿಸಿಲು ಬೀಳುವ ಕಡೆ ಓಡಿಸಬೇಡಿ. ಬಿಸಿಲಲ್ಲೂ ಅದೇ ಐಆರ್ ಬೆಳಕು ಇರುವುದರಿಂದ ಸೆನ್ಸರ್ ಕಕ್ಕಾಬಿಕ್ಕಿಯಾಗುತ್ತದೆ.

ಈ ಕಾರು ಓಡಿದ ದಿನ ಗಲಾಟೆಯೋ ಗಲಾಟೆ. ಆಗಲಿ. ಆದರೆ ಎಷ್ಟೋ ಶಾಲೆಗಳು ಇಲ್ಲೇ ನಿಂತು, ವರ್ಷ ವರ್ಷ ಇದೇ ಕಾರನ್ನು ವಿಜ್ಞಾನ ಮೇಳಕ್ಕೆ ಒಯ್ಯುತ್ತವೆ. ನನ್ನ ಪ್ರಕಾರ ಇದು ಬರೀ ಅಕ್ಷರಾಭ್ಯಾಸ. ದಸರಾ ರಜೆಯೊಳಗೆ ಮುಗಿಸಿ ಮುಂದೆ ಹೋಗಿ.

ಗುಂಪಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ಈ ಹಂತದಲ್ಲೇ ಗಮನಿಸಿ. ಇಬ್ಬರು ಹುಡುಗರು ವೈರ್ ಹಿಡಿದಿರುತ್ತಾರೆ, ಹುಡುಗಿಯರ ಕೈಯಲ್ಲಿ ನೋಟ್‌ಬುಕ್ ಮತ್ತು ಚಾರ್ಟ್. ಇದು ತಾನಾಗಿ ಸರಿಹೋಗುವುದಿಲ್ಲ. ವೈರಿಂಗ್, ಪ್ರೋಗ್ರಾಂ, ಚೌಕಟ್ಟು, ದಾಖಲೆ ಎಂದು ನಾಲ್ಕು ಕೆಲಸ ಮಾಡಿ ಪ್ರತಿ ವಾರ ಅದಲುಬದಲು ಮಾಡಿ. ಕಡ್ಡಾಯವಾಗಿ.

ಹಂತ 6: ಊರಿನ ಕೆಲಸಕ್ಕೊಂದು ಯಂತ್ರ

ಈ ಹಂತಕ್ಕೇ ಜಾಸ್ತಿ ಸಮಯ ಇಡಿ. ಸಮಸ್ಯೆಯನ್ನು ಮಕ್ಕಳೇ ತರಲಿ. ಕುಡಿಯುವ ನೀರಿನ ಟ್ಯಾಂಕ್ ತುಂಬಿ ಹರಿಯುವುದು, ಗದ್ದೆಗೆ ಹಂದಿ ಬರುವುದು, ಏನಾದರೂ ಸರಿ. ಇಲ್ಲಿ ಒಂದನ್ನು ಪೂರ್ತಿ ವಿವರಿಸುತ್ತೇನೆ: ಒಣಹಾಕಿದ ಅಡಿಕೆಗೆ ಮಳೆ ಬಿದ್ದರೆ ತಾನೇ ಟಾರ್ಪಾಲು ಎಳೆಯುವ ಯಂತ್ರ. ಕೊಯ್ಲು ದಸರಾ ಆದಮೇಲೆ ಜೋರಾಗುತ್ತದೆ, ಅಕಾಲ ಮಳೆಯೂ ಆಗಲೇ ಬರುತ್ತದೆ. ಎಲ್ಲರೂ ತೋಟದಲ್ಲಿದ್ದಾಗ ಚಪ್ಪರದ ಮೇಲಿನ ಬೇಯಿಸಿದ ಅಡಿಕೆ ನೆನೆದರೆ ಏನಾಗುತ್ತದೆ ಅಂತ ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ಮಾದರಿ ಮಾಡಿ. ಹಳದಿ ಮೋಟಾರ್ ಕಟ್ಟಿ ಎಳೆಸಿ ನೋಡಲಿ. ಎಳೆಯುವುದಿಲ್ಲ. ತಡೆಯಬೇಡಿ, ಸೋಲಲಿ. ಟಾರ್ಕ್ (ತಿರುಗಿಸುವ ಬಲ) ಅನ್ನುವುದು ಆಗ ಅರ್ಥವಾಗುತ್ತದೆ. ಆಮೇಲೆ ಗುಜರಿಗೆ ಕರೆದೊಯ್ಯಿರಿ. ಹಳೆ ಕಾರಿನ ವೈಪರ್ ಮೋಟಾರ್ ಬೇಕು. 12 ವೋಲ್ಟ್, ನಿಧಾನ, ಬಲ ಜಾಸ್ತಿ. ಒಳಗೆ ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರ್) ಇರುವುದರಿಂದ ಕರೆಂಟ್ ನಿಂತರೂ ಹಗ್ಗ ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಈ ಮೋಟಾರನ್ನು ಎಲ್298ಎನ್‌ಗೆ ಜೋಡಿಸಬೇಡಿ. ಅದರ ಮಿತಿ ಒಂದು ಕಡೆಗೆ 2 ಆಂಪಿಯರ್. ವೈಪರ್ ಮೋಟಾರ್ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ, ಸಿಕ್ಕಿಬಿದ್ದಾಗಲಂತೂ ಕೇಳಲೇಬೇಡಿ. ಡ್ರೈವರ್ ಸುಟ್ಟ ವಾಸನೆ ಬರುತ್ತದೆ. ರಿಲೇ ಬಳಸಿ. ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ ಅದು, ಟಕ್ ಅಂತ ಸದ್ದು ಬರುತ್ತದೆ. ಯುಪಿಎಸ್‌ನಲ್ಲಿ ಬರುವಂಥ 12 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ತಂತಿಯಲ್ಲಿ 10 ಆಂಪಿಯರ್ ಫ್ಯೂಸ್. ಫ್ಯೂಸ್ ಹಾಕದೆ ಒಂದು ಸಲವೂ ಆನ್ ಮಾಡಬಾರದು.

ಟಾರ್ಪಾಲು ಮುಚ್ಚಲು ಮಾತ್ರ ಮೋಟಾರ್ ಸಾಕು. ತೆರೆಯುವುದು ಕೈಯಲ್ಲಿ, ಹಗ್ಗ ಬಿಡಿಸಿಕೊಂಡು. ಎರಡೂ ಕಡೆ ಓಡಿಸುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಹಲವು ವೈಪರ್ ಮೋಟಾರ್‌ಗಳ ಮೈನಸ್ ಅದರ ಲೋಹದ ಮೈಯಲ್ಲೇ ಇರುತ್ತದೆ. ತಂತಿ ಉಲ್ಟಾ ಮಾಡಿದರೆ ಮೈಗೇ ಪ್ಲಸ್ ಬಂದು, ಕಬ್ಬಿಣದ ಚೌಕಟ್ಟಿನಲ್ಲಿ ಶಾರ್ಟ್ ಆಗುತ್ತದೆ. ಅದು ಎರಡನೇ ವರ್ಷದ ಕೆಲಸ.

ಕೊನೆಯಲ್ಲಿ ಲಿಮಿಟ್ ಸ್ವಿಚ್ ಇರಲಿ. ಟಾರ್ಪಾಲು ಪೂರ್ತಿ ಬಂದು ತಾಗಿದಾಗ ಮೋಟಾರ್ ನಿಲ್ಲಿಸುವ ಪುಟ್ಟ ಸ್ವಿಚ್. ಇದಿಲ್ಲದಿದ್ದರೆ ಮೋಟಾರ್ ಎಳೆಯುತ್ತಲೇ ಇದ್ದು ಕಂಬವೇ ಬಾಗುತ್ತದೆ. ಯಂತ್ರ ಓಡುವಾಗ ಹಗ್ಗ ಸುತ್ತುವ ರಾಟೆಯ ಹತ್ತಿರ ಯಾರ ಕೈಯೂ, ಜಡೆಯೂ, ದುಪಟ್ಟಾವೂ ಹೋಗಬಾರದು.

ಇನ್ನು ಮಳೆ ಸೆನ್ಸರ್. ಗೆರೆಗೆರೆಯ ಹಲಗೆಯ ಮೇಲೆ ನೀರು ಬಿದ್ದರೆ ಬೋರ್ಡ್ ಓದುವ ಸಂಖ್ಯೆ ಇಳಿಯುತ್ತದೆ. ಒಣಗಿದ್ದಾಗ 1023ರ ಹತ್ತಿರ. ಎರಡು ತೊಂದರೆ. ಸದಾ ಕರೆಂಟ್ ಹರಿಯುತ್ತಿದ್ದರೆ ಗೆರೆಗಳು ಬೇಗ ಸವೆದುಹೋಗುತ್ತವೆ. ಹಾಗಾಗಿ ಬೋರ್ಡಿನ ಒಂದು ಪಿನ್‌ನಿಂದ ಕರೆಂಟ್ ಕೊಟ್ಟು, ಓದುವಾಗ ಮಾತ್ರ ಆನ್ ಮಾಡಿ. ಇನ್ನೊಂದು, ಇಬ್ಬನಿ. ಬೆಳಗಿನ ಜಾವದ ಮಂಜಿಗೇ ಸೆನ್ಸರ್ ಮಳೆ ಅಂದುಕೊಳ್ಳುತ್ತದೆ. ಹಲಗೆಯನ್ನು ಓರೆಯಾಗಿ ಇಟ್ಟರೆ ಸ್ವಲ್ಪ ವಾಸಿ. ಎಷ್ಟು ಸಂಖ್ಯೆಗೆ ಇಳಿದರೆ ಮಳೆ ಅನ್ನಬೇಕು? ಎಷ್ಟು ಸೆಕೆಂಡು ಕಾಯಬೇಕು? ಉತ್ತರ ನೀವು ಹೇಳಬೇಡಿ. ಸುಮ್ಮಸುಮ್ಮನೆ ಮುಚ್ಚಿಕೊಂಡರೆ ಒಂದು ಹೊತ್ತಿನ ಬಿಸಿಲು ನಷ್ಟ. ಮುಚ್ಚದೇ ಹೋದರೆ ಅಡಿಕೆಯೇ ನಷ್ಟ. ಎರಡನ್ನೂ ತೂಗಿ ಮಕ್ಕಳು ವಾದ ಮಾಡಲಿ, ಮನೆಯಲ್ಲಿ ಕೇಳಿಕೊಂಡು ಬರಲಿ. ಇಡೀ ವರ್ಷದಲ್ಲಿ ನನಗೆ ಅತಿ ಇಷ್ಟವಾದ ತರಗತಿ ಇದೇ.

ಹಂತ 7: ಕಸುಬಿನವರ ಹತ್ತಿರ ಹೋಗುವುದು

ವೃತ್ತಿ ಮಾರ್ಗದರ್ಶನ ಅಂತ ಸಭಾಂಗಣದಲ್ಲಿ ಕೂರಿಸಿ ಭಾಷಣ ಮಾಡಿಸಬೇಡಿ. ಮೇಲಿನ ಯಂತ್ರದ ಸಲುವಾಗಿ ಹೇಗೂ ಹೊರಗೆ ಹೋಗಬೇಕಲ್ಲ. ವೈಪರ್ ಮೋಟಾರಿನ ಯಾವ ತಂತಿ ಯಾವುದಕ್ಕೆ ಅಂತ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ರಾಟೆಯ ತೂತು ಲೇತ್ ಅಂಗಡಿಯಲ್ಲಿ. ಕಂಬ ವೆಲ್ಡಿಂಗ್ ಶೆಡ್ಡಿನಲ್ಲಿ. ನಾಲ್ಕೇ ಮಕ್ಕಳನ್ನು ಕಳಿಸಿ, ಜತೆಗೆ ಒಬ್ಬ ಶಿಕ್ಷಕರು, ಪೋಷಕರ ಒಪ್ಪಿಗೆ ಪತ್ರ. ಕೆಲಸದ ಗಡಿಬಿಡಿ ಇಲ್ಲದ ಹೊತ್ತು ಕೇಳಿಕೊಂಡು ಹೋಗಿ.

ಮೂರು ಪ್ರಶ್ನೆ ಕೇಳಿ ಬರೆದುಕೊಂಡು ಬರಲಿ. ನಿಮ್ಮ ಕೆಲಸದಲ್ಲಿ ಯಂತ್ರ ಯಾವುದನ್ನು ಮಾಡುತ್ತದೆ, ಯಾವುದನ್ನು ನೀವೇ ಕಿವಿಯಲ್ಲಿ, ಕೈಯಲ್ಲಿ ಅಂದಾಜು ಮಾಡುತ್ತೀರಿ? ಈ ಕೆಲಸ ಎಲ್ಲಿ, ಎಷ್ಟು ವರ್ಷ ಕಲಿತಿರಿ? ಹೊಸದಾಗಿ ಸೇರಿದವರಿಗೆ ಮೊದಲ ವರ್ಷ ಎಷ್ಟು ಸಿಗುತ್ತದೆ? ಮೂರನೆಯದನ್ನು ಕೇಳಲು ಮೇಷ್ಟ್ರುಗಳಿಗೇ ಸಂಕೋಚ. ಪೋಷಕರು ತಿಳಿಯಬೇಕು ಅನ್ನುವುದು ಅದನ್ನೇ.

ವರ್ಷಕ್ಕೊಂದು ದೊಡ್ಡ ಭೇಟಿ ಸಾಕು. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಇಲ್ಲಿನ ಫೌಂಡ್ರಿಗಳು (ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆ) ನೋಡುವಂಥವು. ಜೋಗದ ಕಡೆಯವರಿಗೆ ಶರಾವತಿ ವಿದ್ಯುದಾಗಾರ: 103.5 ಮೆಗಾವಾಟ್‌ನ ಹತ್ತು ಘಟಕ. ಬೇಡಿಕೆ ಏರಿಳಿದಂತೆ ಟರ್ಬೈನಿಗೆ ಬಿಡುವ ನೀರನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಅಲ್ಲಿದೆ. ನೋಡು, ನಿರ್ಧರಿಸು, ಮಾಡು, ಅದೇ ಮೂರು ಕೆಲಸ. ಎಲ್ಲ ಕಡೆಗೂ ಮೊದಲೇ ಲಿಖಿತ ಅನುಮತಿ ಬೇಕು. ಪತ್ರ ಬರೆದು ತಿಂಗಳಾದರೂ ಸಮಯ ಕೊಡಿ. ಚಪ್ಪಲಿ ಬೇಡ, ಶೂ ಹಾಕಿಸಿ.

ಹಂತ 8: ಮುಂದೆ ಏನು ಓದಬಹುದು

ಪೋಷಕರ ಸಭೆಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿ.

ಎಸ್‌ಎಸ್‌ಎಲ್‌ಸಿ ನಂತರ ಐಟಿಐ: ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಟಾಟಾ ಟೆಕ್ನಾಲಜೀಸ್ ಜತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದೆ. ನಿಮಗೆ ಹತ್ತಿರದ ಐಟಿಐ ಆ ಪಟ್ಟಿಯಲ್ಲಿದೆಯಾ ಅಂತ ಹೋಗಿ ವಿಚಾರಿಸಿ.

ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಅದಾದ ಮೇಲೆ ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಪಿಯುಸಿ ಸೈನ್ಸ್, ಸಿಇಟಿ, ನಾಲ್ಕು ವರ್ಷದ ಬಿಇ ದಾರಿ ಎಲ್ಲರಿಗೂ ಗೊತ್ತೇ ಇದೆ.

ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತು, ಹತ್ತನೇ ತರಗತಿಗೇ ಎನ್‌ಎಸ್‌ಕ್ಯುಎಫ್ (ಕೌಶಲ ಕಲಿಸುವ ವೃತ್ತಿಪರ ವಿಷಯ) ಇದೆ. ಐಟಿ, ಆಟೊಮೊಬೈಲ್ ಮುಂತಾದವನ್ನು ತೃತೀಯ ಭಾಷೆಯ ಬದಲು ತೆಗೆದುಕೊಳ್ಳಬಹುದು. ನಿಮ್ಮ ಶಾಲೆಯಲ್ಲಿದ್ದರೆ ಆ ತರಬೇತುದಾರರನ್ನು ಮೊದಲ ದಿನದಿಂದಲೇ ಜತೆಗೆ ಸೇರಿಸಿಕೊಳ್ಳಿ.

ಚೆನ್ನಾಗಿ ವೈರಿಂಗ್ ಮಾಡುವ ಮಗುವಿಗೆಲ್ಲ "ನೀನು ಎಂಜಿನಿಯರ್ ಆಗ್ತೀಯಾ" ಅನ್ನಬೇಡಿ. ಪ್ರೋಗ್ರಾಂ ಕಡೆ ತಿರುಗಿಯೂ ನೋಡದೆ, ಪ್ಲೈವುಡ್‌ನ ನಾಲ್ಕು ಮೂಲೆ ಸರಿಯಾಗಿ ಕೂರಿಸುವ ಹುಡುಗ ಒಳ್ಳೆ ಫಿಟ್ಟರ್ ಆಗಬಹುದು. ಅದನ್ನು ಅವನಿಗೂ, ಅವನ ಅಪ್ಪ ಅಮ್ಮನಿಗೂ ಬಾಯಿ ಬಿಟ್ಟು ಹೇಳಿ.

ಹಂತ 9: ಮಾರ್ಚ್‌ನ ಕೆಲಸ

ರಜೆಗೆ ಮುಂಚೆ ಎಲ್ಲ ಸೆಲ್ ಹೊರಗೆ ತೆಗೆಯಿರಿ. ಬಿಟ್ಟರೆ ಸೋರಿ ಹೋಲ್ಡರ್ ತುಂಬ ಕಿಲುಬು. 12 ವೋಲ್ಟ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ ಇಡಿ. ಖಾಲಿಯಾಗಿ ಬಿದ್ದಿದ್ದರೆ ಎರಡು ತಿಂಗಳಲ್ಲಿ ಹಾಳಾಗುತ್ತದೆ. ಸುಟ್ಟದ್ದು, ಮುರಿದದ್ದು ಪಟ್ಟಿ ಮಾಡಿಸಿ, ಜೂನ್‌ಗೆ ಬೇಕಾದ ಸಾಮಾನಿನ ಚೀಟಿ ಈಗಲೇ ಎಸ್‌ಡಿಎಂಸಿಗೆ ಕೊಡಿ. ಹೊಸದಾಗಿ ಬರುವ ಎಂಟನೆಯವರಿಗೆ ಎಲ್‌ಇಡಿ ಪಾಠವನ್ನು ಒಂಬತ್ತಕ್ಕೆ ಹೋಗುವ ಮಕ್ಕಳೇ ಮಾಡಲಿ. ಯಾವ ಗುಂಪು ಯಾವ ವಾರ ಅಂತ ಈಗಲೇ ಬರೆದು, ಬೀರುವಿನ ಬಾಗಿಲ ಒಳಗಡೆ ಅಂಟಿಸಿ. ನಿಮಗೆ ವರ್ಗಾವಣೆ ಆದರೂ ಮುಂದೆ ಬರುವವರ ಕಣ್ಣಿಗೆ ಬೀಳಬೇಕು.